ಯಾರ ಗುಂಪು ಗಟ್ಟಿ?

ಕೊಪ್ಪಳ ಇದ್ದಲ್ಲೇ ಇದೆ, ಗವಿಮಠದ ಗುಡ್ಡವೂ ಕದಲಿಲ್ಲ. ನಮ್ಮ ಕಾಲೇಜು ಹುಡುಗರ ವಿಶ್ವವಿದ್ಯಾಲಯ ಮಾತ್ರ ಊರೂರು ತಿರುಗಿದೆ. ನಿಜಾಮರ ಕಾಲದಲ್ಲಿ ಡಿಗ್ರಿ ಬೇಕೆಂದವರು ಹೈದರಾಬಾದಿನ ಉಸ್ಮಾನಿಯಾ ಕಡೆ ಮುಖ ಮಾಡಬೇಕಿತ್ತು. ಏಕೀಕರಣದ ಮೇಲೆ ಧಾರವಾಡ, 1980ರಿಂದ ಗುಲಬರ್ಗಾ, 2010ರಿಂದ ಬಳ್ಳಾರಿ. ಈಗ ತಳಕಲ್ಲಿನಲ್ಲಿ ನಮ್ಮದೇ ಕೊಪ್ಪಳ ವಿಶ್ವವಿದ್ಯಾಲಯ. ಅದನ್ನು ಮುಚ್ಚುವ ಮಾತೂ ಆಗಲೇ ಕೇಳಿದ್ದಾಯಿತು. ಓದುವವರಿಗೆ ಮಾರ್ಕ್ಸ್ ಕಾರ್ಡಿನ ಮುದ್ರೆ ಬದಲಾಯಿತು, ಅಷ್ಟೇ. ಬಾಸ್ಕೆಟ್‌ಬಾಲ್ ಆಡುವವರಿಗೆ ಎದುರಾಳಿಗಳೇ ಬದಲಾದರು.

ನಾನು ಆಡಿದ್ದು ಗುಲಬರ್ಗಾ ಕಾಲದಲ್ಲಿ. ಬೀದರ, ಗುಲಬರ್ಗಾ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಾಲೇಜುಗಳದೇ ಒಂದು ಗುಂಪು. ಕೊಪ್ಪಳ ಜಿಲ್ಲೆಯಾಗಿದ್ದು 1997ರಲ್ಲಿ. ನಾನು ಆಡುವಾಗ ಅದಿನ್ನೂ ರಾಯಚೂರಿನ ತಾಲ್ಲೂಕು. ಕುಷ್ಟಗಿ, ಯಲಬುರ್ಗಾದ ಗೆಳೆಯರು ಕಬಡ್ಡಿಯಲ್ಲಿ ಹುಲಿಗಳು. ಕೈಗೆ ಚೆಂಡು ಸಿಕ್ಕರೆ ಪುಟಿಸುವುದನ್ನು ಮರೆತು ಅಪ್ಪಿಕೊಂಡೇ ಓಡುತ್ತಿದ್ದರು. ಗದಗಿನ ಸೋದರಮಾವನ ಮಗ ಧಾರವಾಡದ ಪಾಲಿನವನು. ದೀಪಾವಳಿಗೆ ಬಂದರೆ ಅವನದೊಂದೇ ರಾಗ:

“ನಿಮ್ಮ ಗುಲಬರ್ಗಾದಾಗ ಟೀಮಿಗೆ ಸೇರೂದು ಏನ್ ದೊಡ್ಡದಪಾ? ನಮ್ಮ ಧಾರವಾಡದಾಗ ಬೆಂಚ್ ಮ್ಯಾಲ ಕುಂದರಾಕೂ ಪುಣ್ಯಾ ಮಾಡಿರಬೇಕು.”

“ಅದಕ್ಕ ಏನ್ ಮಾಮಾ, ನೀ ಬೆಂಚ್ ಬಿಟ್ಟು ಏಳಲಿಲ್ಲ?”

ಇದೇ ಜಗಳವನ್ನು ಅಮೆರಿಕದವರು ಒಂದು ವಿದ್ಯೆಯನ್ನಾಗಿ ಬೆಳೆಸಿದ್ದಾರೆ. ಅಲ್ಲಿ ಕಾಲೇಜುಗಳ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಜೇಮ್ಸ್ ನೈಸ್ಮಿತ್ ಈ ಆಟ ಹುಟ್ಟಿಸಿದ್ದು 1891ರಲ್ಲಿ; ಬಿಗ್ ಟೆನ್ ಎಂಬ ಗುಂಪು 1896ರದು. ಹೆಸರಿಗೆ ಹತ್ತು, ಈಗ ಅದರೊಳಗೆ 18 ತಂಡಗಳಿವೆ. 2024ರಲ್ಲಂತೂ ಪಶ್ಚಿಮ ಕರಾವಳಿಯ ಸ್ಟ್ಯಾನ್‌ಫರ್ಡ್ ಹೋಗಿ ಅಟ್ಲಾಂಟಿಕ್ ಕೋಸ್ಟ್ ಗುಂಪಿಗೆ ಸೇರಿತು. ನಮ್ಮನ್ನು ಉಸ್ಮಾನಿಯಾದಿಂದ ಧಾರವಾಡಕ್ಕೆ ದಾಟಿಸಿದ್ದು ಭಾಷೆ ಮತ್ತು ನಾಡು. ಅವರನ್ನು ದಾಟಿಸಿದ್ದು ಟೀವಿಯ ದುಡ್ಡು.

ಗುಂಪಿನ ಬಲ ಅಳೆಯುವುದು ಸುಲಭವಲ್ಲ. ಒಳಗೊಳಗೇ ಆಡಿದರೆ ಪ್ರತಿ ಆಟದಲ್ಲೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ; ಒಟ್ಟು ಲೆಕ್ಕ ಯಾವಾಗಲೂ ಅರ್ಧಕ್ಕರ್ಧ. ಅತಿರಥರ ಗುಂಪಿನಲ್ಲೂ ಅಷ್ಟೇ, ಚೆಂಡು ಅಪ್ಪಿಕೊಂಡು ಓಡುವವರ ಗುಂಪಿನಲ್ಲೂ ಅಷ್ಟೇ. ಕಣದಲ್ಲಿ ರಾಶಿ ಎಲ್ಲರದೂ ದೊಡ್ಡದೇ. ಜೊಳ್ಳೆಷ್ಟು ಎಂದು ತಿಳಿಯುವುದು ಭತ್ತ ಗಂಗಾವತಿಯ ಮಿಲ್ಲಿಗೆ ಹೋದಾಗ. ಹಾಗಾಗಿ ಅಲ್ಲಿನ ಲೆಕ್ಕಿಗರು ಹೊರಗಿನವರೊಡನೆ ಆಡಿದ ಪಂದ್ಯಗಳನ್ನೇ ಮುಖ್ಯವಾಗಿ ಹಿಡಿಯುತ್ತಾರೆ. ಗೊನ್ಜಾಗಾ ಎಂಬ ತಂಡ 2017 ಮತ್ತು 2021ರಲ್ಲಿ ರಾಷ್ಟ್ರೀಯ ಫೈನಲ್ ಆಡಿತು. ಆದರೂ ಅದಿದ್ದ ವೆಸ್ಟ್ ಕೋಸ್ಟ್ ಗುಂಪನ್ನು ಯಾರೂ ಮೊದಲ ಸಾಲಿಗೆ ಸೇರಿಸಲಿಲ್ಲ. ಒಂದು ಆನೆಯಿಂದ ದಂಡಾಗುವುದಿಲ್ಲವಲ್ಲ. ಆಗ್ನೇಯದ ಎಸ್‌ಇಸಿ ಗುಂಪಿನ ಮಾತೇ ಬೇರೆ: 2025ರಲ್ಲಿ ಅದರ 16 ತಂಡಗಳ ಪೈಕಿ 14 ತಂಡಗಳು 68ರ ರಾಷ್ಟ್ರೀಯ ಪಂದ್ಯಾವಳಿಗೆ ಆಯ್ಕೆಯಾದವು.

ನಮ್ಮಲ್ಲಿ ಈ ತೂಕ ಇಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ವಲಯಕ್ಕೆ ನಾಲ್ಕು ತಂಡ ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ನಾಲ್ಕೂ ದಿಕ್ಕಿಗೆ ಸಮಪಾಲು. ದಾಯಾದಿಗಳ ಆಸ್ತಿಯಾದರೆ ಸರಿ, ಆಟಕ್ಕೆ ಸರಿಯಲ್ಲ. ದಕ್ಷಿಣದಲ್ಲಿ ಐದನೆಯದಾದ ತಂಡ ಬೇರೊಂದು ವಲಯದ ಎರಡನೆಯದನ್ನು ಮಣಿಸಬಲ್ಲದೇ ಎಂದು ಕೇಳುವವರಿಲ್ಲ. ಚೆನ್ನೈ, ಕೇರಳದ ತಂಡಗಳೊಡನೆ ಒಂದೇ ವಲಯದಲ್ಲಿ ಆಡಬೇಕಾದ ನಮ್ಮವರಿಗೆ ಆ ಪ್ರಶ್ನೆ ಬೇಕೇ ಬೇಕು.

ಗುಲಬರ್ಗಾ ಕಾಲದಲ್ಲಿ ಬೀದರದವನಾದರೂ ಎದುರಿಗೆ ನಿಲ್ಲುತ್ತಿದ್ದ. ಒಂದೇ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಆ ಅನುಕೂಲವೂ ಇಲ್ಲ. ಹಾಗಾಗಿ ಕ್ರೀಡೆ ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರೇ ಕಪ್ ಹಂಚಿಕೊಂಡು ಕೂರುವಂತೆ ಮಾಡಬೇಡಿ. ವರ್ಷಕ್ಕೊಮ್ಮೆ ಗದಗ, ಬಳ್ಳಾರಿ, ರಾಯಚೂರಿನ ಕಾಲೇಜುಗಳನ್ನು ಕರೆಸಿ ಆಡಿಸಿ. ತಂಡದ ಆಯ್ಕೆ ಆಮೇಲಿರಲಿ.