ಊರು ಎಲ್ಲಿಗೆ ಮುಗಿಯುತ್ತದೆ?

ನಮ್ಮ ಮನೆಯಲ್ಲಿ ಹಬ್ಬದ ಊಟ ಮುಗಿದು ಎಲೆ ಅಡಿಕೆ ತಟ್ಟೆ ನಡುವೆ ಬಂತೆಂದರೆ ಒಂದು ಹಳೆಯ ವ್ಯಾಜ್ಯ ಎದ್ದು ಕೂರುತ್ತದೆ. ಚೆನ್ನೈನಲ್ಲಿ ನೆಲೆಸಿರುವ ಭಾವನವರಿಗೆ ಚೆನ್ನೈಯೇ ದೊಡ್ಡ ಊರು. ಬೆಂಗಳೂರು ಬಿಟ್ಟು ಕದಲದ ನನ್ನ ತಮ್ಮನಿಗೆ ಬೆಂಗಳೂರೇ ದೊಡ್ಡದು. ಕ್ವಿಜ್ ಹುಚ್ಚಿನ ಮಗಳು "ಯಾರು ಹೇಳೋದು ಸರಿ ಅಪ್ಪಾ?" ಎಂದು ಕೇಳಿದಳು. "ಇಬ್ಬರೂ ಸರಿ" ಎಂದೆ. ನೆಂಟಸ್ತಿಕೆ ಉಳಿಸಿಕೊಳ್ಳುವ ಮಾತು ಎಂದು ನಕ್ಕಳು. ಆದರೆ 2011ರ ಜನಗಣತಿ ಹೇಳುವುದೂ ಅದನ್ನೇ.

ಆ ಗಣತಿಯಂತೆ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಇದ್ದವರು ಸುಮಾರು 84.4 ಲಕ್ಷ. ಚೆನ್ನೈ ಪಾಲಿಕೆಯೊಳಗೆ 46.5 ಲಕ್ಷ. ತಮ್ಮ ಗೆದ್ದ! ಆದರೆ ಜನಗಣತಿಯವರು ಇನ್ನೊಂದು ಪಟ್ಟಿಯನ್ನೂ ಕೊಡುತ್ತಾರೆ. ಅದು 'ಅರ್ಬನ್ ಅಗ್ಲಾಮರೇಷನ್', ಅಂದರೆ ನಗರ ಸಮೂಹದ ಪಟ್ಟಿ. ಅದರಲ್ಲಿ ಚೆನ್ನೈ 86.5 ಲಕ್ಷ, ಬೆಂಗಳೂರು 85.2 ಲಕ್ಷ. ಈಗ ಭಾವ ಗೆದ್ದರು.

ಇದು ಹೇಗೆ? ಪಾಲಿಕೆಯ ಎಲ್ಲೆ ಎಂಬುದು ಸರ್ಕಾರ ಎಳೆದ ಗೆರೆ. ಬೆಂಗಳೂರಿನ ಗೆರೆಯನ್ನು 2007ರಲ್ಲಿ ಹಿಗ್ಗಿಸಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಳಗೆ ಸೇರಿಸಿಕೊಂಡರು. ಚೆನ್ನೈ ತನ್ನ ಗೆರೆಯನ್ನು 426 ಚದರ ಕಿಲೋಮೀಟರಿಗೆ ವಿಸ್ತರಿಸಿದ್ದು 2011ರ ಅಕ್ಟೋಬರಿನಲ್ಲಿ, ಗಣತಿದಾರರು ಲೆಕ್ಕ ಮುಗಿಸಿ ಹೋದ ಕೆಲವು ತಿಂಗಳ ಮೇಲೆ. ಹಾಗಾಗಿ ಒಂದು ಊರನ್ನು ಹೊಸ ಅಂಗಿಯಲ್ಲಿ, ಇನ್ನೊಂದನ್ನು ಚಿಕ್ಕಂದಿನ ಅಂಗಿಯಲ್ಲಿ ಅಳೆದಂತಾಯಿತು.

ಬೆಂಗಳೂರಿನ ಬೆಳವಣಿಗೆಯ ಲೆಕ್ಕದಲ್ಲೂ ಇದೇ ಮಾಯೆ ಇದೆ. ಪಾಲಿಕೆಯ ಜನಸಂಖ್ಯೆ 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ. ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ನಗರ ಸಮೂಹದ ಲೆಕ್ಕ ಹಿಡಿದರೆ ಅದು 57 ಲಕ್ಷದಿಂದ 85 ಲಕ್ಷಕ್ಕೆ, ಅಂದರೆ ಸುಮಾರು ಅರ್ಧದಷ್ಟು ಏರಿದೆ. ಇದೂ ಸಣ್ಣ ಏರಿಕೆಯಲ್ಲ. ಆದರೆ ಮೊದಲ ಲೆಕ್ಕದಲ್ಲಿ ಹೆಚ್ಚಾದ ಲಕ್ಷಾಂತರ ಮಂದಿ ರೈಲು ಹತ್ತಿ ಬಂದವರಲ್ಲ. ಅವರು ತಮ್ಮ ಮನೆಗಳಲ್ಲೇ ಇದ್ದರು, ನಗರದ ಗೆರೆಯೇ ಅವರ ಮನೆ ದಾಟಿ ಮುಂದೆ ಹೋಯಿತು.

ಹಾಗಾದರೆ ನಗರ ಸಮೂಹವೆಂದರೇನು? ಒಂದು ಪಟ್ಟಣ, ಅದಕ್ಕೆ ಅಂಟಿಕೊಂಡು ಬೆಳೆದ ಬಡಾವಣೆಗಳು, ತಾಗಿಕೊಂಡಿರುವ ಬೇರೆ ಪಟ್ಟಣಗಳು ಎಡೆಬಿಡದೆ ಹಬ್ಬಿದ್ದರೆ ಅವೆಲ್ಲ ಸೇರಿ ಒಂದು ಸಮೂಹ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ. ಅದಕ್ಕೆ ಬೇರೆಯೇ ಸ್ಥಳೀಯ ಸಂಸ್ಥೆಯಿದ್ದರೂ ಸಮೂಹದ ಲೆಕ್ಕದಲ್ಲಿ ಅದು ಮಂಗಳೂರಿನ ಪಾಲು. ಆದರೆ ಈ ಅಳತೆ ಕಟ್ಟಡಗಳ ಹರಹನ್ನು ನೋಡುತ್ತದೆಯೇ ಹೊರತು ಜನ ದುಡಿಯಲು ಎಲ್ಲಿಗೆ ಹೋಗುತ್ತಾರೆಂದು ಕೇಳುವುದಿಲ್ಲ. ರಾಮನಗರದಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದು ಹೋಗುವವರು ಇದರ ಹೊರಗೇ ಉಳಿಯುತ್ತಾರೆ. ಅಮೆರಿಕದವರು ಆ ಪ್ರಶ್ನೆಯನ್ನೂ ಕೇಳುತ್ತಾರೆ. ಒಂದು ಕೌಂಟಿಯ ದುಡಿಯುವವರಲ್ಲಿ ಕಾಲುಭಾಗ ಮಂದಿ ಮುಖ್ಯ ನಗರದ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಅದನ್ನೂ ಮಹಾನಗರ ಪ್ರದೇಶಕ್ಕೆ ಸೇರಿಸುತ್ತಾರೆ. ಹೀಗೆ 2020ರಲ್ಲಿ ಅಟ್ಲಾಂಟಾ ನಗರದ ಜನ ಕೇವಲ 5 ಲಕ್ಷ, ಅದರ ಮಹಾನಗರ ಪ್ರದೇಶದ ಜನ 60 ಲಕ್ಷಕ್ಕೂ ಹೆಚ್ಚು!

ಇದೆಲ್ಲ ಕ್ವಿಜ್‌ಗಷ್ಟೇ ಬೇಕಾದ ವಿಷಯ ಎನ್ನಬೇಡಿ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆ ಊರಿನ ಜನಸಂಖ್ಯೆಯನ್ನು ನೆಚ್ಚಿಕೊಂಡಿದೆ. 50 ಲಕ್ಷ ದಾಟಿದ ಊರು 'ಎಕ್ಸ್' ವರ್ಗ, 5ರಿಂದ 50 ಲಕ್ಷದ ಊರು 'ವೈ', ಉಳಿದದ್ದು 'ಜೆಡ್'. ಪುಣೆ ಪಾಲಿಕೆಯಲ್ಲಿ 2011ರಲ್ಲಿ ಇದ್ದವರು 31 ಲಕ್ಷ ಮಾತ್ರ. ಪಕ್ಕದ ಪಿಂಪ್ರಿ-ಚಿಂಚವಾಡ ಮೊದಲಾದವು ಕೂಡಿ ಸಮೂಹ 50 ಲಕ್ಷ ದಾಟಿದ್ದರಿಂದ 2015ರ ಆದೇಶದಲ್ಲಿ ಅದು 'ಎಕ್ಸ್' ಆಯಿತು. ನಮ್ಮ ಮಂಗಳೂರು, ಬೆಳಗಾವಿ ಪಾಲಿಕೆಗಳು 2011ರಲ್ಲೂ 5 ಲಕ್ಷ ಮುಟ್ಟಿರಲಿಲ್ಲ. ಅವು 'ವೈ' ವರ್ಗದಲ್ಲಿರುವುದು ಸಮೂಹದ ಲೆಕ್ಕದಿಂದ. ಒಂದು ಗೆರೆ ಎಷ್ಟೋ ಸಂಸಾರಗಳ ತಿಂಗಳ ಸಂಬಳವನ್ನು ಮುಟ್ಟುತ್ತದೆ.

ಜಗತ್ತಿನ ಪಟ್ಟಿಯಲ್ಲೂ ಇದೇ ಕಥೆ. ವಿಶ್ವಸಂಸ್ಥೆಯ 2018ರ ವರದಿಯಲ್ಲಿ 3.7 ಕೋಟಿ ಜನರ ಟೋಕಿಯೊ ಮೊದಲು. 2025ರ ವರದಿಯಲ್ಲಿ ಸುಮಾರು 4.2 ಕೋಟಿಯೊಡನೆ ಜಕಾರ್ತಾ ಮೊದಲು, ಢಾಕಾ ಎರಡನೆಯದು, ಟೋಕಿಯೊ ಮೂರನೆಯದು. ಕೋಟಿಗಟ್ಟಲೆ ಜನ ಏಳು ವರ್ಷದಲ್ಲಿ ಜಕಾರ್ತಾಕ್ಕೆ ಗುಳೆ ಹೋಗಲಿಲ್ಲ. ಹಿಂದೆ ಆಯಾ ದೇಶ ಕೊಟ್ಟ ಎಲ್ಲೆಯನ್ನೇ ನಂಬುತ್ತಿದ್ದರು. ಈಗ ಭೂಮಿಯನ್ನು ಒಂದೊಂದು ಚದರ ಕಿಲೋಮೀಟರಿನ ಮನೆಗಳಾಗಿ ಗೀರಿ, 1,500 ಜನಕ್ಕೆ ಕಡಿಮೆಯಿಲ್ಲದ ಮನೆಗಳು ಒತ್ತಾಗಿ ಕೂಡಿ 50,000 ಜನ ಆದರೆ ಅದನ್ನು ನಗರವೆಂದು ಎಣಿಸುತ್ತಾರೆ. ಎಲ್ಲ ದೇಶಕ್ಕೂ ಒಂದೇ ಅಳತೆಗೋಲು.

ಮುಂದಿನ ದಿನಗಳಲ್ಲಿ ಈ ಎಚ್ಚರ ಇನ್ನೂ ಬೇಕು. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ 2027ಕ್ಕೆ ನಿಗದಿಯಾಗಿದೆ. ಅಷ್ಟರಲ್ಲಿ, 2025ರಲ್ಲಿ, ಬೆಂಗಳೂರಿನ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದಿವೆ. ಯಾವುದೋ ಒಂದು ಪಾಲಿಕೆಯ ಅಂಕಿಯನ್ನು ಹಿಡಿದು 'ಬೆಂಗಳೂರು ಕುಗ್ಗಿತು' ಎನ್ನುವವರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ಸಲಹೆ. ಊರಿನ ಜನಸಂಖ್ಯೆ ಬರೆದುಕೊಳ್ಳುವಾಗ ಅದರ ಮುಂದೆ ಎರಡು ಮಾತು ಸೇರಿಸಿ: ಯಾವ ವರ್ಷದ್ದು, ಯಾವ ಎಲ್ಲೆಯದ್ದು. ಎರಡು ಊರುಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಅಳತೆಯೇ ಎಂದು ನೋಡಿ. ಮಕ್ಕಳು "ಯಾವುದು ದೊಡ್ಡದು?" ಎಂದು ಕೇಳಿದಾಗ ತಂದೆತಾಯಂದಿರೂ ಉತ್ತರಕ್ಕೆ ಅವಸರಪಡದೆ "ಎಲ್ಲಿಂದ ಎಲ್ಲಿಯವರೆಗೆ?" ಎಂದು ಮರುಪ್ರಶ್ನೆ ಹಾಕಲಿ. ಅಂಕಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಅಭ್ಯಾಸ ಹೆಚ್ಚು ಕಾಲ ಬಾಳುತ್ತದೆ.