ಕೆಲಸ ಕೇಳಲು ಬಂದಿಲ್ಲ

ನಮ್ಮ ಕಡೆ ಯಾರನ್ನಾದರೂ "ನಿಮ್ಮ ಕೆಲಸ ಹೇಗಿರುತ್ತೆ ಸಾರ್?" ಎಂದು ಕೇಳಿ ನೋಡಿ. ಅವರು ಮೊದಲು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿಯುತ್ತಾರೆ. ಆಮೇಲೆ "ಸದ್ಯಕ್ಕೆ ನಮ್ಮಲ್ಲಿ ಯಾವುದೂ ಖಾಲಿ ಇಲ್ಲವಲ್ಲಮ್ಮ" ಎನ್ನುತ್ತಾರೆ. ಕೆಲಸ ಕೇಳುವುದು ಬೇರೆ, ಕೆಲಸದ ಬಗ್ಗೆ ಕೇಳುವುದು ಬೇರೆ ಎಂದು ನಂಬಿಸುವುದರಲ್ಲೇ ಮೊದಲ ಹತ್ತು ನಿಮಿಷ ಹೋಗುತ್ತದೆ. ನನ್ನ ವಿಷಯದಲ್ಲಿ ಅದು ಅರ್ಧ ಗಂಟೆಗೆ ಎಳೆಯುತ್ತಿತ್ತು. ಜೊತೆಯಲ್ಲಿ ಸೋದರಮಾವ ಇರುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ತಿಪಟೂರಿನಲ್ಲಿ ಬಿಎಸ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಅವರ ಕೆಲಸ ಎಂಥದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗಿನ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹರಾಜಿನ ದಿನ ಮಧ್ಯಾಹ್ನದ ಊಟ ಸಂಜೆಗೆ. ರೇಟು ಬಿದ್ದ ದಿನ ರೈತ ಬೈಯುವುದು ಮಂಡಿ ಯಜಮಾನನನ್ನಲ್ಲ, ಎದುರಿಗೆ ಸಿಗುವ ಗುಮಾಸ್ತನನ್ನು. ಇದೆಲ್ಲ ಊಟದ ಹೊತ್ತಿನಲ್ಲಿ ತಾನಾಗಿ ಕಿವಿಗೆ ಬಿದ್ದ ವಿದ್ಯೆ. ತಮ್ಮನಿಗಾದರೆ ಉಪಯೋಗಕ್ಕೆ ಬರುತ್ತಿತ್ತು. ಹೆಣ್ಣುಮಗಳೊಬ್ಬಳನ್ನು ಮಂಡಿಯ ಗಲ್ಲಾದ ಪಕ್ಕ ಲೆಕ್ಕ ಬರೆಯಲು ಕೂರಿಸುವ ಕಾಲ ಅದಲ್ಲ. ಉಳಿದ ಕೆಲಸಗಳದ್ದು ನನಗೆ ಹೆಸರಷ್ಟೇ ಗೊತ್ತಿತ್ತು.

ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ಮಾಡಿಸಿದ್ದಾಗಿತ್ತು. ಮಹಾಯುದ್ಧದಿಂದ ಮರಳುವ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡಲೆಂದು 1945ರಲ್ಲಿ ಶುರುವಾದ ಕಚೇರಿಗಳು ಅವು. ಸಿಪಾಯಿಗಳು ಮುಗಿದರೂ ಸಾಲು ಮುಗಿದಿರಲಿಲ್ಲ. ಮೂರು ವರ್ಷಕ್ಕೊಮ್ಮೆ ಕಾರ್ಡನ್ನು ನವೀಕರಿಸಿಕೊಂಡು ಬರುವುದೇ ಎಷ್ಟೋ ಜನರಿಗೆ ಒಂದು ಉದ್ಯೋಗವಾಗಿತ್ತು. ಅಲ್ಲಿನ ಕಿಟಕಿಯಲ್ಲಿ ನಾನು ಏನು ಓದಿದ್ದೇನೆ ಎಂದು ಕೇಳಿದರು, ಬರೆದುಕೊಂಡರು. ಓದಿದ್ದರಿಂದ ಎಲ್ಲಿಗೆ ಹೋಗಬಹುದು, ಹೋದಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಾ ಕೂರಬೇಕು ಎಂದು ಹೇಳುವ ಕಿಟಕಿ ಅಲ್ಲಿರಲಿಲ್ಲ. ಹಾಗಾದರೆ ಮಾಡುತ್ತಿರುವವರನ್ನೇ ಕೇಳೋಣ ಎಂದುಕೊಂಡೆ. ಮಾವ ಜೊತೆಗೆ ಹೋಗುವುದಾದರೆ ಸರಿ ಎಂದಳು ಅಮ್ಮ.

ಮಾವ ಒಳ್ಳೆಯವರು. ಆದರೆ ಯಾರ ಮುಂದೆ ಕೂತರೂ ಅವರ ಬಾಯಿಂದ ಮೊದಲು ಬರುತ್ತಿದ್ದದ್ದು "ಹುಡುಗಿಗೆ ಎಲ್ಲಾದರೂ ಒಂದು ದಾರಿ ಮಾಡಬೇಕು ಸ್ವಾಮಿ" ಎಂಬ ಮಾತು. ಅಲ್ಲಿಗೆ ಎದುರಿನವರ ಮುಖದ ಬಾಗಿಲು ಮುಚ್ಚುತ್ತಿತ್ತು. ಅದನ್ನು ಮತ್ತೆ ತೆಗೆಸುವುದು ನನ್ನ ಪಾಲಿನ ಕೆಲಸ.

ಊರಿನ ಪಕ್ಕದ ಸಣ್ಣ ಸ್ಟೇಷನ್ನಿನ ಮಾಸ್ತರು ಮಾವನ ಪರಿಚಯ. "ಈ ಕೆಲಸಕ್ಕೆ ಮಾತ್ರ ಬರಬೇಡ ತಾಯಿ" ಎಂದೇ ಶುರುಮಾಡಿದರು. ರಾತ್ರಿ ಪಾಳಿ, ಹಬ್ಬಕ್ಕೆ ರಜೆ ಇಲ್ಲ, ಮಗನಿಗೆ ಅಪ್ಪನ ಮುಖ ಮರೆತಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಾತನ್ನು ಅಲ್ಲೇ ಬಿಟ್ಟು ಎದ್ದು, ಪಕ್ಕದ ಸ್ಟೇಷನ್ನಿನ ಜೊತೆ ಫೋನಿನಲ್ಲಿ ನಂಬರು ಹೇಳಿ ನಂಬರು ಬರೆದುಕೊಂಡು, ಕೆಂಪು ಪೆಟ್ಟಿಗೆಯಿಂದ ಉಕ್ಕಿನ ಟೋಕನ್ ಚೆಂಡು ಹೊರಗೆ ಬರುವವರೆಗೂ ನಾವಿಬ್ಬರು ಅಲ್ಲಿದ್ದೇವೆಂಬುದು ಅವರಿಗೆ ನೆನಪಿರಲಿಲ್ಲ. ಗಾಡಿ ದಾಟಿದ ಮೇಲೆ ಬಂದು ಕೂತು "ಏನು ಹೇಳ್ತಿದ್ದೆ? ಹಾಂ, ಬರಬೇಡ" ಎಂದರು. ಬೇಡ ಎನ್ನುವುದನ್ನು ನಾನು ಆಮೇಲೆ ಎಲ್ಲ ಕಡೆ ಕೇಳಿದೆ. ತಮ್ಮ ಕೆಲಸಕ್ಕೆ ಬಾ ಎಂದು ಕರೆದವರು ಒಬ್ಬರೂ ಇಲ್ಲ. ಬಿಟ್ಟುಹೋಗುವ ಯೋಚನೆಯಲ್ಲಿ ಇದ್ದವರೂ ಒಬ್ಬರೂ ಇಲ್ಲ.

ಹೆಚ್ಚು ಕಲಿಸಿದವರು ಒಬ್ಬ ಸರ್ವೆಯರು. ಗಣಿತ ಬರುವವರಿಗೆ ಹೇಳಿಮಾಡಿಸಿದ ಕೆಲಸ, ಬಿಸಿಲಲ್ಲಿ ಓಡಾಟ ಇರಬಹುದು ಅಷ್ಟೆ ಎಂದುಕೊಂಡು ಹೋಗಿದ್ದೆ. ಅವರು ಕಚೇರಿಯಲ್ಲಿ ಮಾತಾಡಲು ಒಪ್ಪಲಿಲ್ಲ. "ನಾಳೆ ಒಂದು ಹದ್ದುಬಸ್ತಿದೆ, ಹೊಲದ ಹತ್ತಿರ ಬನ್ನಿ" ಎಂದರು. ಹೋದೆವು. ಬಾಂದು ಜವಾನ ಸರಪಳಿ ಎಳೆದುಕೊಂಡು ಮುಂದೆ, ಇವರು ಕೈಯಲ್ಲಿ ಹಳೆಯ ಟಿಪ್ಪಣಿಯ ನಕಲು ಹಿಡಿದು ಹಿಂದೆ. ಸರಪಳಿ ಮೂವತ್ಮೂರು ಅಡಿ, ಹದಿನಾರು ಆಣೆ. ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಎಕರೆ. ರೂಪಾಯಿಯಿಂದ ಆಣೆ ಹೋಗಿ ಮೂವತ್ತು ವರ್ಷವಾಗಿದ್ದರೂ ನೆಲದ ಲೆಕ್ಕದಲ್ಲಿ ಅದು ಬದುಕಿತ್ತು. ಇದನ್ನೆಲ್ಲ ಅವರು ನನಗೆ ಉತ್ಸಾಹದಿಂದ ವಿವರಿಸುತ್ತಿರುವಾಗ ಬದುವಿನ ಆ ಬದಿಯಲ್ಲಿ ಅಣ್ಣ, ಈ ಬದಿಯಲ್ಲಿ ತಮ್ಮ ನಿಂತಿದ್ದರು. ಬಾಂದು ಕಲ್ಲು ಇರಬೇಕಾದ ಜಾಗದಲ್ಲಿ ಕಲ್ಲಿರಲಿಲ್ಲ. ಕಿತ್ತವರು ಯಾರೆಂಬ ಪ್ರಶ್ನೆಯಿಂದ ಹೊರಟ ಮಾತು, ತಾಯಿಯ ತಿಥಿಗೆ ಯಾರು ಖರ್ಚು ಮಾಡಿದರು ಎಂಬಲ್ಲಿಗೆ ತಲುಪಿತು. ಸರ್ವೆಯರು ಸರಪಳಿ ಕೆಳಗಿಟ್ಟು ಹುಣಸೆ ಮರದ ನೆರಳಿಗೆ ಹೋಗಿ ಕೂತರು. "ಯಾಕೆ ನಿಲ್ಲಿಸಿದಿರಿ?" ಎಂದೆ.

"ನೋಡಮ್ಮ, ಅಳೆಯೋದು ಒಂದು ಗಂಟೆ ಕೆಲಸ. ಇವರಿಬ್ಬರನ್ನೂ ಒಂದೇ ಕಾಗದದ ಮೇಲೆ ಸಹಿ ಹಾಕ್ಸೋದಿದೆಯಲ್ಲ, ಅದಕ್ಕೆ ನನಗೆ ಸಂಬಳ ಕೊಡೋದು. ಗಣಿತ ಬರದಿದ್ದರೂ ನಡಿಯುತ್ತೆ, ಕಾಯೋಕೆ ಬರಬೇಕು."

ಮಧ್ಯಾಹ್ನದ ಹೊತ್ತಿಗೆ ಇಬ್ಬರ ಗಂಟಲೂ ಒಣಗಿತ್ತು. ಇವರು ಎಳನೀರು ತರಿಸಿದರು. ಅಣ್ಣ ಕೊಚ್ಚಿ ತಮ್ಮನಿಗೂ ಒಂದು ಕೊಟ್ಟ. ಸಹಿಯಾಯಿತು. ಸರ್ವೆಯ ಬಗ್ಗೆ ನಾನು ಎಷ್ಟು ಪುಸ್ತಕ ಓದಿದ್ದರೂ ಆ ಹುಣಸೆ ಮರದ ಕೆಳಗಿನ ಪಾಠ ಸಿಗುತ್ತಿರಲಿಲ್ಲ. ಕಾಯುವ ಗುಣ ನನ್ನಲ್ಲಿಲ್ಲವೆಂದು ಮಾವನಿಗೂ ಗೊತ್ತಿತ್ತು. ಬಸ್ಸಿನಲ್ಲಿ ಬರುವಾಗ "ಇದು ಬಿಡು" ಎಂದರು.

ನಾನು ಮಾಡುತ್ತಿದ್ದ ಈ ತಿರುಗಾಟಕ್ಕೆ ಅಮೆರಿಕದಲ್ಲಿ ಇನ್ಫರ್ಮೇಷನಲ್ ಇಂಟರ್‌ವ್ಯೂ ಎಂಬ ಗಂಭೀರ ಹೆಸರಿದೆ, ಅದಕ್ಕೊಂದು ಪರಂಪರೆಯಿದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಉದ್ಯೋಗ ಮಾರ್ಗದರ್ಶನದ ಮೂಲಪುರುಷ ಎಂದು ಅಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬವರನ್ನು ನೆನೆಯುತ್ತಾರೆ. ಓದಿದ್ದು ಇಂಜಿನಿಯರಿಂಗ್. 1873ರ ಆರ್ಥಿಕ ಕುಸಿತದಲ್ಲಿ ರೈಲ್ವೆ ಕೆಲಸ ಹೋಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ, ಶಾಲೆಯಲ್ಲಿ ಮೇಷ್ಟ್ರು, ಆಮೇಲೆ ವಕೀಲಿ, ಕಾನೂನು ಕಾಲೇಜಿನ ಪಾಠ, ನಡುವೆ ಬಾಸ್ಟನ್ ಮೇಯರ್ ಚುನಾವಣೆಯಲ್ಲಿ ಸೋಲು. ಇಷ್ಟು ಸುತ್ತಿದವರು 1908ರ ಜನವರಿಯಲ್ಲಿ ಬಾಸ್ಟನ್ನಿನ ನಾರ್ತ್ ಎಂಡ್‌ನಲ್ಲಿ ವೊಕೇಷನ್ ಬ್ಯೂರೋ ತೆರೆದರು. ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ಪಕ್ಕದಲ್ಲಿಟ್ಟು ಯೋಚಿಸು ಎಂಬುದು ಅವರ ವಿಧಾನ. ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು ಮರುವರ್ಷ. ನನಗೆ ಮುಖ್ಯವೆನಿಸುವುದು ಆ ಜಾಗ. ನಾರ್ತ್ ಎಂಡ್ ಎಂದರೆ ಇಟಲಿಯಿಂದ, ಪೂರ್ವ ಯೂರೋಪಿನಿಂದ ಹಡಗು ಹತ್ತಿ ಬಂದವರ ಕೇರಿ. ಅಲ್ಲಿನ ಹುಡುಗರ ಅಪ್ಪಂದಿರ ಕೆಲಸ ಸಮುದ್ರದ ಆಚೆ ಉಳಿದಿತ್ತು. ಊಟದ ಹೊತ್ತಿನಲ್ಲಿ ಕಿವಿಗೆ ಬೀಳುವ ವಿದ್ಯೆ ಅವರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಇಂಟರ್‌ವ್ಯೂಗೆ ಹೆಸರು ತಂದವರು ರಿಚರ್ಡ್ ಬೋಲ್ಸ್. ಸ್ಯಾನ್ ಫ್ರಾನ್ಸಿಸ್ಕೊದ ಗ್ರೇಸ್ ಕೆಥೆಡ್ರಲ್‌ನಲ್ಲಿ ಪಾದ್ರಿಯಾಗಿದ್ದವರು, ಹಣದ ಮುಗ್ಗಟ್ಟಿನಲ್ಲಿ 1968ರಲ್ಲಿ ಆ ಕೆಲಸ ಕಳೆದುಕೊಂಡರು. ಮುಂದೆ ಕಾಲೇಜುಗಳಲ್ಲಿದ್ದ ಪಾದ್ರಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೋದಲ್ಲೆಲ್ಲ ಆ ಪಾದ್ರಿಗಳೂ ಕೆಲಸ ಕಳೆದುಕೊಳ್ಳುವ ಸಾಲಿನಲ್ಲಿದ್ದರು. ಪ್ರಾರ್ಥನೆ ಬಿಟ್ಟು ಬೇರೇನೂ ಬರದು ಎಂದುಕೊಂಡವರಿಗಾಗಿ 1970ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಕೈಪಿಡಿ ಅಚ್ಚು ಹಾಕಿಸಿದರು: 'ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?' 1972ರಲ್ಲಿ ಪ್ರಕಾಶಕರು ಕೈಗೆತ್ತಿಕೊಂಡ ಮೇಲೆ ಅದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಈ ಕೆಲಸಕ್ಕೆ ಹೇಗೆ ಬಂದಿರಿ? ಇದರಲ್ಲಿ ಹೆಚ್ಚು ಇಷ್ಟವಾಗುವುದೇನು? ಇಷ್ಟವಾಗದ್ದೇನು? ಇನ್ನು ಯಾರನ್ನು ಕೇಳಲಿ? ಇಷ್ಟು ಕೇಳಿ ಎದ್ದು ಬರಬೇಕು, ಅದೇ ದಿನ ಧನ್ಯವಾದದ ಕಾಗದ ಬರೆಯಬೇಕು. ವಿಷಯ ತಿಳಿಯುವ ನೆಪದಲ್ಲಿ ಒಳಗೆ ನುಗ್ಗಿ ಕೆಲಸ ಕೇಳುವುದನ್ನು ಬೋಲ್ಸ್ ಒಪ್ಪುತ್ತಿರಲಿಲ್ಲ. ಮಾವನ ಜೊತೆ ಅವರಿಗೆ ಆಗುತ್ತಿರಲಿಲ್ಲ.

ಆದರೆ ನಮ್ಮಲ್ಲಿ ಬೋಲ್ಸ್ ಬರೆಯದ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಎದುರಿನವರು: "ನೀವು ಯಾರ ಪೈಕಿ?" ಯಾವ ಊರು, ಯಾರ ಮನೆ, ಯಾವ ಮಠ ಎಂದು ಸುತ್ತಿ ಬಳಸಿ ಕೇಳಿದರೂ ಗುರಿ ಅದೇ. ಉತ್ತರ ಸರಿಹೊಂದಿದರೆ ಕಾಫಿ ಬರುತ್ತದೆ, ಹೊಂದದಿದ್ದರೆ ಸಾಹೇಬರಿಗೆ ಮೀಟಿಂಗ್ ನೆನಪಾಗುತ್ತದೆ. ನಾನು ಎರಡನ್ನೂ ಕಂಡಿದ್ದೇನೆ. ನನ್ನ ಪಾಲಿಗೆ ಕಾಫಿಯೇ ಹೆಚ್ಚು, ಅದನ್ನು ಮುಚ್ಚಿಡುವುದಿಲ್ಲ. ಅಪ್ಪನ ಕಸುಬನ್ನೇ ಹಿಡಿಯುವವನಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ. ಅದನ್ನು ಬಿಟ್ಟು ಹೊರಗೆ ಹೆಜ್ಜೆ ಇಟ್ಟವರನ್ನು ಬಾಗಿಲಲ್ಲೇ ತಡೆಯುತ್ತದೆ. ಕೇಳುವ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ಬಾಗಿಲು ಬಿಗಿ.

ಇದಕ್ಕೊಂದು ಸಣ್ಣ ಸಮಾಧಾನ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರಿಂದ ಸಿಕ್ಕಿತು. ಬಾಸ್ಟನ್ ಪಕ್ಕದ ನ್ಯೂಟನ್ ಎಂಬಲ್ಲಿ ಹೊಸ ಕೆಲಸಕ್ಕೆ ಸೇರಿದ್ದವರನ್ನು ಅವರು ವಿಚಾರಿಸಿದ್ದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ, ಆ ಪರಿಚಯಸ್ಥರನ್ನು ಮೇಲಿಂದ ಮೇಲೆ ಭೇಟಿಯಾಗುತ್ತಿದ್ದವರು ನೂರಕ್ಕೆ ಹದಿನೇಳರಷ್ಟು ಮಾತ್ರ. ಉಳಿದವರಿಗೆ ದಾರಿ ತೋರಿಸಿದ್ದು ಆಗೊಮ್ಮೆ ಈಗೊಮ್ಮೆ, ಇಲ್ಲವೇ ಅಪರೂಪಕ್ಕೆ ಸಿಗುವವರು. 1973ರಲ್ಲಿ ಬಂದ ಅವರ ಪ್ರಬಂಧ ಇದಕ್ಕೆ ಕಾರಣವನ್ನೂ ಹೇಳುತ್ತದೆ: ಹತ್ತಿರದವರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಮಾವನಿಗೆ ಗೊತ್ತಿದ್ದ ಕೆಲಸಗಳೆಲ್ಲ ನನಗೂ ಗೊತ್ತಿದ್ದವು. ಗೊತ್ತಿಲ್ಲದ್ದು ಬಂದದ್ದು ಸರ್ವೆಯರಿಂದ.

ಅವರ ಷಡ್ಡಕನ ತಮ್ಮ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುತ್ತಿದ್ದ. "ಕೆಮಿಸ್ಟ್ರಿ ಓದಿದ್ದೀಯಲ್ಲ, ಅವನನ್ನು ಕೇಳು" ಎಂದು ಚೀಟಿ ಬರೆದುಕೊಟ್ಟಿದ್ದರು. ಅಷ್ಟು ಹೊತ್ತಿಗೆ ನನಗೊಂದು ಉಪಾಯ ಹೊಳೆದಿತ್ತು. ಕೆಲಸ ಹೇಗಿದೆ ಎಂದು ಕೇಳಿದರೆ ಜನ ಭಾಷಣ ಮಾಡುತ್ತಾರೆ, ಇಲ್ಲವೇ ಗೋಳಾಡುತ್ತಾರೆ. ನಿನ್ನೆ ಬೆಳಿಗ್ಗೆ ಬಂದ ಕೂಡಲೇ ಏನು ಮಾಡಿದಿರಿ ಎಂದರೆ ಯೋಚಿಸಿ ನಿಜ ಹೇಳುತ್ತಾರೆ. ಅವನನ್ನು ಹಾಗೆಯೇ ಕೇಳಿದೆ.

"ಬಾಟ್ಲಿ ತೊಳೆದೆ."

"ಆಮೇಲೆ?"

"ಆಮೇಲೂ ಬಾಟ್ಲಿ ತೊಳೆದೆ."

ತಮಾಷೆಯಲ್ಲ. ರೈತ ತರುವ ಅರ್ಧ ಕೆಜಿ ಮಣ್ಣನ್ನು ನೆರಳಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಒಂದು ಗ್ರಾಂ ತೂಗಿ ಆಮ್ಲ ಹಾಕಿ ಲೆಕ್ಕ ಬರೆಯುವುದು ಹೆಸರಿಗೆ ಕಾಣುವ ಕೆಲಸ. ನಿನ್ನೆಯ ಹೊಲದ ರಂಜಕ ಇವತ್ತಿನ ಹೊಲದ ಲೆಕ್ಕಕ್ಕೆ ಸೇರದಂತೆ ಗಾಜಿನ ಸಾಮಾನನ್ನು ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ತೊಳೆದು ಬೋರಲು ಹಾಕುವುದು ದಿನದ ಬಹುಭಾಗ ನುಂಗುವ ಕೆಲಸ. ಹೇಳುತ್ತಲೇ ಅವನು ಬ್ಯೂರೆಟ್ಟಿನ ತಿರುಪು ಬಿಟ್ಟ. ಕಪ್ಪುನೀಲಿಯಾಗಿದ್ದ ದ್ರಾವಣಕ್ಕೆ ಹನಿ ಹನಿ ಬೀಳುತ್ತಿತ್ತು. ಏನೂ ಆಗಲಿಲ್ಲ, ಏನೂ ಆಗಲಿಲ್ಲ, ಒಂದು ಹನಿಗೆ ಇಡೀ ಫ್ಲಾಸ್ಕು ಹಸಿರಾಯಿತು. "ಸಾವಯವ ಇಂಗಾಲ ಕಮ್ಮಿ ಐತೆ" ಎಂದು ಬರೆದುಕೊಂಡು, ಫ್ಲಾಸ್ಕನ್ನು ತೊಳೆಯುವ ಸಾಲಿಗೆ ಇಟ್ಟ. "ಬೇಡ ಕಣಮ್ಮ, ಕೈಯೆಲ್ಲ ಒಡೆಯುತ್ತೆ" ಎಂದ. ಪಾತ್ರೆ ತೊಳೆಯುವುದು ನನಗೆ ಮನೆಯಲ್ಲೂ ಬೇಸರ ತಂದ ಕೆಲಸವಲ್ಲ. ಕೆಲವು ತಿಂಗಳ ಮೇಲೆ ಅಲ್ಲಿ ಒಂದು ಜಾಗ ಖಾಲಿಯಾದಾಗ ಅರ್ಜಿ ಹಾಕಿದೆ. ನಿವೃತ್ತಿಯಾಗುವವರೆಗೂ ಮಣ್ಣು, ಗಾಜು, ನೀರು.

ಈಗ ಕೇಳುವವರು ಲಿಂಕ್ಡ್‌ಇನ್‌ನಲ್ಲಿ ಬರುತ್ತಾರೆ. "ನಿಮ್ಮ ಹದಿನೈದು ನಿಮಿಷ ಸಿಗಬಹುದೇ?" ಎಂಬ ವಿನಯದ ಸಂದೇಶ. ಬಹುಪಾಲು ಬೆಂಗಳೂರಿನ ಕಂಪನಿಗಳಿಗೆ ರೆಫರಲ್ ಬೇಕಾದವರ ಉಪಾಯ ಅದು. ಹದಿನಾಲ್ಕನೆಯ ನಿಮಿಷಕ್ಕೆ ರೆಸ್ಯೂಮೆ ಬಂದು ಬೀಳುತ್ತದೆ. ನಮ್ಮ ಮಾವನೇ ವಾಸಿ, ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. ಮಣ್ಣಿನ ಪರೀಕ್ಷೆಗೆ ರೆಫರಲ್ ಕೇಳುವವರು ಯಾರೂ ಇಲ್ಲದ್ದರಿಂದ ನನ್ನನ್ನು ಹುಡುಕಿಕೊಂಡು ಬರುವವರು ನಿಜವಾಗಿ ಕೇಳಲೆಂದೇ ಬಂದಿರುತ್ತಾರೆ.

ಪಕ್ಕದ ಬೀದಿಯ ಹುಡುಗಿಯೊಬ್ಬಳು ಹಾಗೆ ಬಂದಳು. ಇಂಜಿನಿಯರಿಂಗ್ ಮುಗಿಸಿದ್ದಾಳೆ, ಕಂಪ್ಯೂಟರ್ ಮುಂದೆ ಕೂರಲು ಮನಸ್ಸಿಲ್ಲ, ಕೃಷಿಯ ಕಡೆ ಏನಾದರೂ ಮಾಡಬೇಕು. ನಾನು ತೊಳೆಯುವ ಪುರಾಣವನ್ನೆಲ್ಲ ಬಿಚ್ಚಿದೆ. ಕೊನೆಗೆ ಇನ್ನು ಯಾರನ್ನು ಕೇಳಲಿ ಎಂದಳು. ಲ್ಯಾಬಿನಲ್ಲಿ ಈಗಲೂ ಇರುವವರ ನಂಬರಿಗಿಂತ ಮೊದಲು, ಬಿಟ್ಟುಹೋದ ಒಬ್ಬರ ನಂಬರು ಕೊಟ್ಟೆ. ಕೆಲಸದಲ್ಲಿರುವವರು ಕೆಲಸದ ಪರವಾಗಿಯೇ ಗೊಣಗುತ್ತಾರೆ, ಬಿಟ್ಟವರಿಗೆ ಆ ದಾಕ್ಷಿಣ್ಯವಿರುವುದಿಲ್ಲ. ಅವರು ಈಗ ಹನಿ ನೀರಾವರಿಯ ಪೈಪಿನ ಅಂಗಡಿ ಇಟ್ಟಿದ್ದಾರೆ. ಹುಡುಗಿ ಅವರ ಹತ್ತಿರ ಲ್ಯಾಬಿನ ವಿಷಯ ಕೇಳಿ ಮುಗಿಸಿದವಳೇ ಅಂಗಡಿಯ ವಿಷಯ ಶುರುಮಾಡಿದ್ದಾಳೆ. ಯಾವ ತೋಟಕ್ಕೆ ಎಷ್ಟು ದೂರಕ್ಕೊಂದು ತೂತು, ಫಿಲ್ಟರ್ ಕಟ್ಟಿಕೊಂಡರೆ ಏನು ಗತಿ, ಸಬ್ಸಿಡಿ ಬರುವುದು ತಡವಾದರೆ ಅಂಗಡಿಯವನು ಸಾಲ ಹೇಗೆ ತಾಳಿಕೊಳ್ಳುತ್ತಾನೆ. ಈಗ ಶನಿವಾರ ಶನಿವಾರ ಅಲ್ಲೇ ಹೋಗಿ ಕೂರುತ್ತಾಳಂತೆ.

ಅವಳ ಅಮ್ಮ ಫೋನ್ ಮಾಡಿದ್ದರು. "ಅಕ್ಕಾ, ಲಕ್ಷಗಟ್ಟಲೆ ಸುರಿದು ಇಂಜಿನಿಯರಿಂಗ್ ಓದಿಸಿದ್ದು ಪೈಪ್ ಮಾರಕ್ಕಾ? ನೀವೇ ಬುದ್ಧಿ ಹೇಳಬೇಕು."

"ನಾನ್ಯಾಕೆ ಹೇಳಲಿ?" ಎಂದೆ. "ಅಂಗಡಿಯವರೇ ಬೇಡ ಅಂತ ಹೇಳಿರ್ತಾರೆ, ಕೇಳಿ ನೋಡಿ."

"ವಾರ ವಾರವೂ ಹೇಳ್ತಾರಂತೆ" ಎಂದರು ಅವರು, "ಹೇಳಿ, ಮುಂದಿನ ವಾರ ಸ್ವಲ್ಪ ಬೇಗ ಬಾ ಅಂತಾರಂತೆ."