ಚಳ್ಳಕೆರೆಯ ಕೆಂಪು ಹೊಲಗಳಲ್ಲಿ

ಹಿರಿಯೂರನ್ನು ಬಿಟ್ಟು ಬಳ್ಳಾರಿಯ ಹಾದಿ ಹಿಡಿದ ಪಥಿಕನಿಗೆ ಹಸುರು ಮೆಲ್ಲಮೆಲ್ಲನೆ ಹಿಂದೆ ಸರಿಯುವುದು ಕಾಣುತ್ತದೆ. ತೆಂಗಿನ ತೋಟಗಳು ವಿರಳವಾಗಿ, ಬೋಳುಗುಡ್ಡಗಳೂ ಜಾಲಿಯ ಪೊದೆಗಳೂ ಎದುರಾಗುತ್ತವೆ. ಅವುಗಳ ನಡುವೆ ಕಾವಿ ಬಟ್ಟೆ ಹಾಸಿದಂತೆ ಕೆಂಪು ಹೊಲಗಳು. ಇದೇ ಚಳ್ಳಕೆರೆಯ ಸೀಮೆ. ಪಡುವಣ ಘಟ್ಟಗಳು ಮುಂಗಾರಿನ ಮೋಡಗಳನ್ನು ತಾವೇ ಹಿಂಡಿಕೊಂಡು ಉಳಿದುದನ್ನು ಇತ್ತ ಕಳುಹಿಸುತ್ತವೆ. ವರ್ಷದ ಸರಾಸರಿ ಮಳೆ 500 ಮಿಲಿಮೀಟರನ್ನೂ ಮುಟ್ಟುವುದಿಲ್ಲ.

ಆದರೂ ಈ ನೆಲ ನಾಡಿಗೆ ಎಣ್ಣೆಯನ್ನು ಉಣಿಸಿದೆ. ಮುಂಬಯಿಯನ್ನು ಬಿಟ್ಟರೆ ಎಣ್ಣೆಯ ಗಿರಣಿಗಳು ಹೆಚ್ಚಾಗಿರುವುದು ಚಳ್ಳಕೆರೆಯಲ್ಲೇ ಎಂಬ ಮಾತು ಒಂದು ಕಾಲಕ್ಕೆ ಮನೆಮಾತಾಗಿತ್ತು. ಇಂದು ಅವುಗಳಲ್ಲಿ ಹಲವು ಬಾಗಿಲು ಮುಚ್ಚಿವೆ. ಶೇಂಗಾ ಮಾತ್ರ ಹೊಲವನ್ನು ಬಿಟ್ಟು ಹೋಗಿಲ್ಲ.

ಆಷಾಢದ ಆಸುಪಾಸಿನಲ್ಲಿ ಬಿತ್ತಿದ ಬೆಳೆಗೆ ಸುಮಾರು ನೂರಹತ್ತು ದಿನಗಳ ಬಾಳು. ಮಳೆ ಕೈಕೊಟ್ಟ ವರ್ಷ, ಭಾದ್ರಪದದ ಬಿಸಿಲಿನಲ್ಲಿ, ಇಲ್ಲಿಯ ಹೊಲಗಳಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಗಿಡಗಳು ಬಾಡಿದರೂ ಸತ್ತಿರುವುದಿಲ್ಲ. ಎಲೆಗಳಲ್ಲಿ ಇನ್ನೂ ಹಸುರಿದೆ. ಆದರೆ ಕಿತ್ತು ನೋಡಿದರೆ ಕಾಯಿಯೊಳಗೆ ಗಾಳಿ!

“ಗೊಬ್ಬರ ಹಾಕಿದ್ವಲ್ಲಪ್ಪಾ?” ಎನ್ನುತ್ತಾನೆ ಮಗ.

“ಹಾಕಿದ್ದು ನೆಲದಾಗೇ ಐತೆ ಮಗಾ, ಕಾಯಿಗೆ ದಕ್ಕಿಲ್ಲ” ಎಂದು ತಂದೆ ಉತ್ತರಿಸುತ್ತಾನೆ.

ಅನುಭವದ ಈ ಮಾತನ್ನು ಶಾಸ್ತ್ರವೂ ಒಪ್ಪುತ್ತದೆ. ಮಣ್ಣಿನಲ್ಲಿ ಸತ್ವವಿದ್ದರೆ ಸಾಲದು. ಅದು ನೀರಿನಲ್ಲಿ ಕರಗಿ ಬೇರಿನ ಬಳಿಗೆ ಬರಬೇಕು. ಮಣ್ಣಿನ ಕಣಗಳ ಸುತ್ತಲಿನ ತೇವದ ಪೊರೆ ತೆಳುವಾದಂತೆ ರಂಜಕ, ಪೊಟ್ಯಾಷ್‌ಗಳ ನಡಿಗೆ ನಿಧಾನವಾಗುತ್ತದೆ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬೇರುಗಂಟುಗಳೂ ಬರದಲ್ಲಿ ಸೊರಗಿ ಕೆಲಸ ನಿಲ್ಲಿಸುತ್ತವೆ. ಎಲೆಯಲ್ಲಿ ಅನ್ನವಿದ್ದು ಬಡಿಸುವ ಕೈ ಇಲ್ಲದಂತಹ ಸ್ಥಿತಿ ಇದು.

ಶೇಂಗಾಕ್ಕೆ ಇನ್ನೊಂದು ಹಸಿವೂ ಉಂಟು. ಹೂವು ಅರಳುವುದು ಬೆಳಕಿನಲ್ಲಿ. ಕಾಯಿ ಕಟ್ಟುವುದು ಕತ್ತಲೆಯಲ್ಲಿ. ಹೂವು ಉದುರಿದ ಮೇಲೆ ಸೂಜಿಯಂತಹ ತೊಟ್ಟೊಂದು ಕೆಳಗಿಳಿದು ಮಣ್ಣನ್ನು ಹೊಗುತ್ತದೆ. ಒಣಗಿ ಹೆಪ್ಪುಗಟ್ಟಿದ ಕೆಂಪು ಮಣ್ಣು ಎಷ್ಟೋ ವೇಳೆ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೊಕ್ಕ ಕಾಯಿಗೆ ಬೇಕಾದುದು ಸುಣ್ಣದ ಸತ್ವ, ಎಂದರೆ ಕ್ಯಾಲ್ಸಿಯಂ. ಬೇರು ಹೀರಿದ ಕ್ಯಾಲ್ಸಿಯಂ ನೀರಿನೊಡನೆ ಎಲೆಗಳತ್ತ ಏರುತ್ತದೆ. ಅಲ್ಲಿಂದ ಕಾಯಿಗೆ ಇಳಿದು ಬರುವುದು ಅತ್ಯಲ್ಪ. ಆದುದರಿಂದ ಪ್ರತಿಯೊಂದು ಕಾಯಿಯೂ ತನ್ನ ಸುತ್ತಲಿನ ಮಣ್ಣಿನಿಂದ, ತನ್ನ ಸಿಪ್ಪೆಯ ಮೂಲಕವೇ, ಅದನ್ನು ಹೀರಿಕೊಳ್ಳಬೇಕು.

ಬರದ ಮರ್ಮವಿರುವುದು ಇಲ್ಲಿಯೇ. ಆಳಕ್ಕಿಳಿದ ಬೇರು ತಳದ ತೇವವನ್ನು ಹುಡುಕಿ ಗಿಡದ ಜೀವವನ್ನು ಉಳಿಸೀತು. ಕಾಯಿಯಿರುವ ಮೇಲಿನ ಎರಡು ಮೂರು ಅಂಗುಲ ಮಣ್ಣಾದರೋ ಮೊದಲು ಒಣಗುತ್ತದೆ. ತಾಯಿ ಬದುಕುತ್ತಾಳೆ, ಮಕ್ಕಳು ಉಪವಾಸ ಬೀಳುತ್ತವೆ. ಬೀಜ ಜೊಳ್ಳಾಗುತ್ತದೆ, ಕೆಲವೊಮ್ಮೆ ಒಳಗಿನ ಮೊಳಕೆ ಕಪ್ಪಾಗಿ ಮುಂದಿನ ಬಿತ್ತನೆಗೂ ಬಾರದೆ ಹೋಗುತ್ತದೆ.

ಹೂವಾಡುವ ಕಾಲಕ್ಕೆ ಎಕರೆಗೆ 200 ಕಿಲೋ ಜಿಪ್ಸಂ ಹಾಕಿ ಮಣ್ಣೇರಿಸಬೇಕೆಂದು ಕೃಷಿ ತಜ್ಞರು ಹೇಳುತ್ತಾರೆ. ಆದರೆ ಜಿಪ್ಸಂ ಕರಗುವುದಕ್ಕೂ ಒಂದು ಹದಮಳೆ ಬೇಕಷ್ಟೆ! ಆದುದರಿಂದಲೇ ಬಲ್ಲ ರೈತನು ಬದು ಕಟ್ಟಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿ, ಕೆರೆಯ ಗೋಡನ್ನೂ ಕೊಟ್ಟಿಗೆಯ ಗೊಬ್ಬರವನ್ನೂ ಹರಡಿ, ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯಲು ಹವಣಿಸುತ್ತಾನೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದಾಗ ಚಳ್ಳಕೆರೆಯೂ ಆ ಪಟ್ಟಿಯಲ್ಲಿತ್ತು. ಈ ಸೀಮೆಗೆ ಅದು ಹೊಸ ಸುದ್ದಿಯಲ್ಲ. ಮರುವರ್ಷ ಮೊದಲ ಮಳೆ ಬಿದ್ದಾಗ ಕೂರಿಗೆಗಳು ಮತ್ತೆ ಹೊಲಕ್ಕೆ ಬಂದವು. ಸಂಜೆಯ ಹೊತ್ತು ಇಲ್ಲಿಯ ರೈತ ಹೊಲದ ಬದುವಿನಲ್ಲಿ ಕುಳಿತು ಮೊದಲು ಆಕಾಶವನ್ನು ನೋಡುತ್ತಾನೆ. ಬಳಿಕ ಬೆರಳಿನಿಂದ ಮೇಲ್ಮಣ್ಣನ್ನು ಕೆದಕಿ ನೋಡುತ್ತಾನೆ. ಆ ಎರಡು ಅಂಗುಲದಲ್ಲಿ ತಂಪು ತಗುಲಿದರೆ, ಅಂದಿನ ರಾತ್ರಿ ಆತನಿಗೆ ನಿದ್ದೆ.